ಮಳೆಗಾಲದ ಮಲೆನಾಡಿನಲ್ಲಿ ಅಣಬೆ ಹುಡುಕುವುದು: ಮೊದಲ ಹೆಜ್ಜೆಯಿಂದ ಹೆಸರಿನವರೆಗೆ

“ಹತ್ತು ಕಿಲೋಮೀಟರ್ ನಡೆದೆವು, ರಕ್ತ ಹೀರುವ ಉಂಬಳ ಬಿಟ್ಟರೆ ಬೇರೇನೂ ಸಿಗಲಿಲ್ಲ.” ಪ್ರತಿ ಆಷಾಢದಲ್ಲೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ನಡೆದ ದಾರಿಯ ಎರಡೂ ಬದಿಯಲ್ಲಿ ಅಣಬೆಗಳು ಸಾಲುಗಟ್ಟಿ ಕುಳಿತಿದ್ದದ್ದೂ ಸುಳ್ಳಲ್ಲ. ಇನ್ನೊಂದು ಬಗೆಯವರಿಗೆ ಅಣಬೆ ಸಿಗುತ್ತದೆ, ಆದರೆ ನಿಂತಲ್ಲಿಂದಲೇ ಬಗ್ಗದೆ ಮೇಲಿನಿಂದ ಒಂದು ಫೋಟೊ ಹೊಡೆದು ತರುತ್ತಾರೆ. “ಇದು ಯಾವುದು?” ಎಂದು ಕೇಳಿದರೆ ನಾನೇನು ಹೇಳಲಿ? ಮನುಷ್ಯನ ನೆತ್ತಿಯ ಚಿತ್ರ ತೋರಿಸಿ ಹೆಸರು ಕೇಳಿದ ಹಾಗೆ.

ಇಬ್ಬರೂ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಜಾಗ, ಆಮೇಲೆ ಅಣಬೆ, ಆಮೇಲೆ ಅದರ ಅಡಿಭಾಗ, ಎಲ್ಲಕ್ಕಿಂತ ಕೊನೆಗೆ ಹೆಸರು. ಈ ಕ್ರಮ ಹಿಡಿದರೆ ಮೊದಲ ದಿನವೇ ಹತ್ತು ಹದಿನೈದು ಬಗೆ ಕಾಣುವುದು ಕಷ್ಟವಲ್ಲ.

ಈ ಬರಹ ನೋಡುವುದಕ್ಕೆ, ಬೇಯಿಸುವುದಕ್ಕಲ್ಲ. ಇದನ್ನು ಓದಿದ ಧೈರ್ಯದಲ್ಲಿ ಯಾರೂ ಯಾವ ಕಾಡಣಬೆಯನ್ನೂ ಬಾಯಿಗೆ ಹಾಕಬೇಡಿ.

ಹಂತ 1: ದಿನ ಆರಿಸಿಕೊಳ್ಳುವುದು

ಮಳೆ ಜೋರಾದಷ್ಟೂ ಅಣಬೆ ಹೆಚ್ಚು ಎಂಬುದು ಅರ್ಧ ಸತ್ಯ. ಮೂರು ದಿನ ಬಿಡದೆ ಸುರಿಯುವಾಗ ಮೃದು ಅಣಬೆಗಳು ಕೊಳೆತು ಕೆಳಗೆ ಬೀಳುತ್ತವೆ, ಕ್ಯಾಮೆರಾವೂ ಕೈಕೊಡುತ್ತದೆ. ಚೆನ್ನಾಗಿ ಹೊಯ್ದು ಒಂದೆರಡು ದಿನ ಹೊಳವಾದ ಬೆಳಗ್ಗೆ ಹೊರಡಿ.

ಗುಡುಗಿನ ಮರುದಿನ ಅಣಬೆ ಏಳುತ್ತದೆ ಎಂದು ಮಲೆನಾಡಿನ ಹಿರಿಯರು ಹೇಳುತ್ತಾರೆ. ಗುಡುಗು ಕಾರಣವೋ ಅಲ್ಲವೋ, ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಹುತ್ತದ ಅಣಬೆ ಮೇಲೆ ಬರುವುದು ನಿಜ. ಮೃಗಶಿರ, ಆರಿದ್ರಾ ಮಳೆಗಳಲ್ಲಿ ನೆಲದಿಂದ ಏಳುವವು ಹೆಚ್ಚು. ಪುಷ್ಯ, ಆಶ್ಲೇಷಾ ಹೊತ್ತಿಗೆ ಬಿದ್ದ ಮರಗಳು ನೀರು ಕುಡಿದು ತುಂಬಿರುತ್ತವೆ, ಆಗ ದಿಮ್ಮಿಯ ಅಣಬೆಗಳ ಸುಗ್ಗಿ. ಹೊಸಬರಿಗೆ ನನ್ನ ಸಲಹೆ ಆಗಸ್ಟ್. ಮಳೆ ತುಸು ಸಡಿಲವಾಗಿರುತ್ತದೆ, ಮರದ ಮೇಲಿನವು ಓಡಿಹೋಗುವುದೂ ಇಲ್ಲ.

ಬೆಳಗ್ಗೆ ಏಳರಿಂದ ಹತ್ತು ಒಳ್ಳೆಯ ಹೊತ್ತು. ಬಿದಿರ ಮೆಳೆಯ ಬಳಿ ಬಿಳಿ ಜಾಲರಿ ಲಂಗ ತೊಟ್ಟು ನಿಲ್ಲುವ ಅಣಬೆಯನ್ನು ನೋಡಬೇಕೆಂದರೆ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಅದು ಜೋಲು ಬಿದ್ದು ನೊಣಗಳ ಊಟವಾಗಿರುತ್ತದೆ.

ಹಂತ 2: ಜಾಗ, ಮತ್ತು ಅನುಮತಿ

ಹೊಸಬರು ನೇರವಾಗಿ ಕುದುರೆಮುಖಕ್ಕೋ ಆಗುಂಬೆಯ ಘಟ್ಟಕ್ಕೋ ಹೊರಡುತ್ತಾರೆ. ಬೇಡ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಲ್ಲಿಂದ ಕಾಡಿನ ಉತ್ಪನ್ನ ಕಿತ್ತು ತರುವಂತಿಲ್ಲ. “ಒಂದು ಅಣಬೆ ತಾನೇ” ಎಂಬ ವಾದ ಗಾರ್ಡಿನ ಮುಂದೆ ನಡೆಯುವುದಿಲ್ಲ, ನಡೆಯಲೂಬಾರದು.

ಕಲಿಯುವುದಕ್ಕೆ ಊರಂಚಿನ ಜಾಗವೇ ಮೇಲು. ಅಡಿಕೆ ತೋಟದ ಅಂಚು, ಮಾಲೀಕರನ್ನು ಕೇಳಿ ಹೊಕ್ಕ ಕಾಫಿ ತೋಟ, ಗೊಬ್ಬರಕ್ಕೆ ಸೊಪ್ಪು ಕಡಿಯುವ ಬೆಟ್ಟ, ದನ ಓಡಾಡುವ ಹಾಡ್ಯ. ಇಂಥಲ್ಲಿ ಬಿದ್ದ ಮರ, ತರಗೆಲೆ, ಸಗಣಿ, ಹುತ್ತ ಎಲ್ಲವೂ ಒಂದು ಕೂಗಳತೆಯೊಳಗೆ ಸಿಗುತ್ತವೆ. ಒಳಕಾಡಿನಲ್ಲಿ ಕಾಣುವ ಬಹಳಷ್ಟು ಬಗೆಗಳು ಇಲ್ಲೂ ಇವೆ. ದೇವರಕಾಡಿಗೆ ಹೋಗುವುದಾದರೆ ಊರಿನವರನ್ನು ಕೇಳಿ, ಚಪ್ಪಲಿ ಬಿಡು ಎಂದರೆ ಬಿಡಿ.

ಮರಗಳ ಪರಿಚಯ ಸ್ವಲ್ಪ ಇದ್ದರೆ ಲಾಭ. ಧೂಪದ ಮರ, ಬೋಗಿ ಮರಗಳ ಬೇರಿನೊಂದಿಗೆ ಕೊಡುಕೊಳ್ಳುವಿಕೆ ಇಟ್ಟುಕೊಂಡ ನೆಲದ ಅಣಬೆಗಳಿವೆ. ಮರ ಸಕ್ಕರೆ ಕೊಡುತ್ತದೆ, ಅಣಬೆಯ ಎಳೆಗಳು ನೀರು ಮತ್ತು ಖನಿಜ ತಂದುಕೊಡುತ್ತವೆ. ಆ ಮರಗಳ ಬುಡವನ್ನು ದಾಟಿ ಹೋಗಬೇಡಿ. ನೀಲಗಿರಿ ತೋಪು ಬರಡು ಎಂದು ಮೂಗು ಮುರಿಯುವವರಿಗೂ ಒಂದು ಮಾತು: ಅಲ್ಲಿಯ ಕೆಮ್ಮಣ್ಣಿನಲ್ಲಿ ಆಲೂಗಡ್ಡೆಯಂತೆ ಉಬ್ಬಿ, ಮುಟ್ಟಿದರೆ ಕಂದು ಪುಡಿ ಉದುರಿಸುವ ಪಿಸೊಲಿಥಸ್ ಸಿಗುತ್ತದೆ.

ಹಂತ 3: ಚೀಲದಲ್ಲಿ ಏನಿರಬೇಕು

ದುಬಾರಿ ಕ್ಯಾಮೆರಾ ಬೇಡ, ಮೊಬೈಲ್ ಸಾಕು. ಇವು ಇರಲಿ:

- ಅಂಗೈಯಗಲದ ಕನ್ನಡಿ. ಕೀಳದೆಯೇ ಅಣಬೆಯ ಅಡಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮರೆತರೆ ಮೊಬೈಲಿನ ಸೆಲ್ಫಿ ಕ್ಯಾಮೆರಾವನ್ನೇ ಅಡಿಗೆ ತೂರಿಸಿ.
- ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ.
- ಹತ್ತು ರೂಪಾಯಿ ನಾಣ್ಯ. ಅದರ ಅಡ್ಡಳತೆ 27 ಮಿಲಿಮೀಟರ್. ಪಕ್ಕದಲ್ಲಿಟ್ಟು ಫೋಟೊ ತೆಗೆದರೆ ಅಳತೆಪಟ್ಟಿ ಬೇಕಿಲ್ಲ.
- ಪೆನ್ಸಿಲ್ ಮತ್ತು ಚಿಕ್ಕ ಪುಸ್ತಕ. ಪೆನ್ನಿನ ಶಾಯಿ ಮಳೆಯಲ್ಲಿ ಕದಡುತ್ತದೆ.
- ಒಣ ಹತ್ತಿ ಬಟ್ಟೆ, ಲೆನ್ಸ್ ಒರೆಸಲು.
- ಮೊಣಕಾಲಿನವರೆಗಿನ ದಪ್ಪ ಕಾಲುಚೀಲ. ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಕಟ್ಟಿದ ಬಟ್ಟೆಯ ಗಂಟು. ಉಂಬಳ ಕಚ್ಚಿ ಹಿಡಿದರೆ ಎಳೆಯಬೇಡಿ, ಗಂಟನ್ನು ಮುಟ್ಟಿಸಿ.
- ಒಂದು ಕೋಲು. ಊರುವುದಕ್ಕಿಂತ ಹೆಚ್ಚಾಗಿ, ಕೈ ಹಾಕುವ ಮೊದಲು ತರಗೆಲೆ ಸರಿಸುವುದಕ್ಕೆ.

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಣಬೆ ಇರುವ ಕೊಳೆತ ದಿಮ್ಮಿಯ ಸಂದು ಮಂಡಲದ ಹಾವುಗಳಿಗೂ ಪ್ರಿಯವಾದ ಜಾಗ. ಅವು ಸರಿದು ಹೋಗುವುದಿಲ್ಲ, ಎಲೆಯ ಬಣ್ಣದಲ್ಲೇ ಸುಮ್ಮನೆ ಬಿದ್ದಿರುತ್ತವೆ. ಮಳೆ ಮುಗಿದ ಮೇಲೆ ಕಾಡು ಸುತ್ತುವ ಹವ್ಯಾಸವಿದ್ದರೆ ಉಣುಗಿನ ಬಗ್ಗೆಯೂ ಎಚ್ಚರವಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ.

ಹಂತ 4: ನಡಿಗೆ ನಿಲ್ಲಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಚಾರಣದ ಹೆಜ್ಜೆಯಲ್ಲಿ ಅಣಬೆ ಕಾಣುವುದಿಲ್ಲ. ಎರಡು ಗಂಟೆಗೆ ಮುನ್ನೂರು ಮೀಟರ್ ದಾಟಿದರೆ ನೀವು ಓಡುತ್ತಿದ್ದೀರಿ ಎಂದೇ ಅರ್ಥ.

ಹೀಗೆ ಮಾಡಿ. ಒಂದು ಬಿದ್ದ ಮರದ ಬಳಿ ನಿಲ್ಲಿ. ಐದು ನಿಮಿಷ ಅಲ್ಲಿಂದ ಕದಲಬೇಡಿ. ಮೊದಲು ನಿಂತು ನೋಡಿ, ಆಮೇಲೆ ಕುಕ್ಕರಗಾಲಲ್ಲಿ ಕುಳಿತು ನೋಡಿ, ಆಮೇಲೆ ತಲೆಯನ್ನು ದಿಮ್ಮಿಯ ಮಟ್ಟಕ್ಕೆ ಇಳಿಸಿ ಬೆಳಕಿಗೆ ಎದುರಾಗಿ ನೋಡಿ. ಮೂರು ಸಲವೂ ಬೇರೆ ಬೇರೆ ಅಣಬೆ ಕಾಣುತ್ತವೆ.

ಕಳೆದ ಆಗಸ್ಟಿನಲ್ಲಿ ನಮ್ಮ ತೋಟದ ಬೇಲಿಯಾಚೆ ಬಿದ್ದಿದ್ದ ಒಂದು ಹಲಸಿನ ದಿಮ್ಮಿಯ ಬಳಿ ಹೀಗೆ ಕುಳಿತಿದ್ದೆ. ನಿಂತಾಗ ಕಂಡದ್ದು ಒಂದೇ, ಕುಂಕುಮಕೆಂಪು ಬಣ್ಣದ ಗಟ್ಟಿ ಹಲ್ಲೆಗಳು, ಅಂದರೆ ಮರಕ್ಕೆ ಅಂಟಿದ ಚಪ್ಪಟೆ ಬಿಲ್ಲೆಯಂಥ ಅಣಬೆಗಳು. ಕುಳಿತಾಗ ತೊಗಟೆಯ ಬಿರುಕಿನುದ್ದಕ್ಕೂ ಬೆರಳುಗುರು ಗಾತ್ರದ ಬಿಳಿ ಬೀಸಣಿಗೆಗಳು ಕಂಡವು. ತಲೆ ಇಳಿಸಿದಾಗ ದಿಮ್ಮಿಯ ಹೊಟ್ಟೆಗೆ ಅಂಟಿಕೊಂಡು ಕಂದು ಬಣ್ಣದ ಮೆತ್ತನೆಯ ಕಿವಿಗಳು, ಅವುಗಳಾಚೆ ಜೋಳದ ಕಾಳಿಗಿಂತ ದೊಡ್ಡದಲ್ಲದ ಬಟ್ಟಲುಗಳು. ಪ್ರತಿ ಬಟ್ಟಲಲ್ಲೂ ಎಳ್ಳಿನಂಥ ನಾಲ್ಕೈದು ಮೊಟ್ಟೆ. ಹಕ್ಕಿಗೂಡಿನ ಅಣಬೆ ಅದು. ಮಳೆಹನಿ ಬಟ್ಟಲಿಗೆ ಬಿದ್ದ ರಭಸಕ್ಕೆ ಆ ‘ಮೊಟ್ಟೆ’ಗಳು ದೂರ ಸಿಡಿಯುತ್ತವೆ. ವರ್ಷಗಳಿಂದ ಆ ಬೇಲಿಯ ಪಕ್ಕ ಓಡಾಡಿದ್ದೇನೆ, ಅಂದಿನವರೆಗೆ ಕಂಡಿರಲಿಲ್ಲ.

ಕೊಡೆಯ ಆಕಾರವನ್ನೇ ಹುಡುಕುವುದು ಇನ್ನೊಂದು ತಪ್ಪು. ನಾಯಿಕೊಡೆ ಎಂಬ ಹೆಸರೇ ನಮ್ಮ ಕಣ್ಣನ್ನು ಕೆಡಿಸಿದೆ. ಹಲ್ಲೆ, ಕಿವಿ, ಬಟ್ಟಲು, ಬೆರಳು, ಚೆಂಡು, ಹವಳ, ಲೋಳೆಯ ಹನಿ: ಈ ಆಕಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಿ.

ಹಂತ 5: ಯಾವುದರ ಮೇಲೆ ಬೆಳೆದಿದೆ?

ಅಣಬೆ ಕಂಡ ಕೂಡಲೇ ಅದನ್ನು ಬಿಟ್ಟು ಅದರ ಬುಡ ನೋಡಿ. ಹೆಸರಿನ ಅರ್ಧ ದಾರಿ ಇಲ್ಲೇ ಸವೆಯುತ್ತದೆ.

ಸತ್ತ ಮರದ ಮೇಲೆ. ಕಲಿಯುವವರಿಗೆ ಇದೇ ಮೊದಲ ಪಾಠಶಾಲೆ, ಏಕೆಂದರೆ ಇಲ್ಲಿಯವು ವಾರಗಟ್ಟಲೆ ನಿಲ್ಲುತ್ತವೆ. ಹಳದಿ ಪಾದದ, ಕಂದು ಬಳೆಬಳೆಯ ತೆಳು ಆಲಿಕೆಯಂಥದ್ದು ಮೈಕ್ರೊಪೋರಸ್ ಝ್ಯಾಂಥೋಪಸ್. ಘಟ್ಟದಲ್ಲಿ ಒಂದು ಗಂಟೆ ನಡೆದರೆ ಇದು ಸಿಗದೆ ಇರುವುದು ಅಪರೂಪ. ಬಿಳಿ ಬೀಸಣಿಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ: ಅಡಿಯ ಪದರಗಳು ಉದ್ದಕ್ಕೆ ಸೀಳಿಕೊಂಡು ಎರಡಾಗಿದ್ದರೆ ಅದು ಸ್ಕಿಜೊಫಿಲಮ್ ಕಮ್ಯೂನ್. ಬಿಸಿಲಿಗೆ ಮುದುಡುತ್ತದೆ, ನೀರು ಬಿದ್ದರೆ ಮತ್ತೆ ಬಿಚ್ಚುತ್ತದೆ. ಬಿದ್ದ ಕಡ್ಡಿಗಳ ಮೇಲೆ ಕಿತ್ತಳೆ, ಗುಲಾಬಿ ಬಟ್ಟಲುಗಳು ಕಂಡರೆ ಕುಕೀನಾ. ಕಪ್ಪು ಬೆರಳುಗಳು ಮೇಲೆದ್ದಿದ್ದರೆ ಝೈಲೇರಿಯಾ.

ಬದುಕಿರುವ ಮರದ ಬುಡದಲ್ಲಿ. ಅಡಿಕೆ ಮರದ ಬುಡಕ್ಕೆ ಹೊಳೆಯುವ ಕಂದು ಹಲ್ಲೆ ಅಂಟಿದ್ದರೆ ಫೋಟೊ ತೆಗೆದು ಖುಷಿಪಟ್ಟು ಬರಬೇಡಿ, ತೋಟದವರಿಗೆ ತಿಳಿಸಿ. ಅದು ಗ್ಯಾನೊಡರ್ಮಾ. ಬೆಳೆಗಾರರು ಅದನ್ನು ‘ಅಣಬೆ ರೋಗ’ ಎಂದೇ ಕರೆಯುತ್ತಾರೆ. ಹಲ್ಲೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಬೇರು ಕೊಳೆತಿರುತ್ತದೆ.

ತರಗೆಲೆಯ ಮೇಲೆ. ಕುದುರೆ ಬಾಲದ ಕೂದಲಿನಷ್ಟು ತೆಳುವಾದ ದಂಟು, ಅದರ ತುದಿಗೆ ಗುಂಡುಸೂಜಿಯ ತಲೆಯಷ್ಟೋ ಗುಂಡಿಯಷ್ಟೋ ದೊಡ್ಡ ಕೊಡೆ: ಮರಾಸ್ಮಿಯಸ್ ಬಳಗ. ಒಂದು ಎಲೆಯನ್ನು ಎತ್ತಿದರೆ ಅಣಬೆಯೂ ಜೊತೆಗೇ ಬರುತ್ತದೆಯೇ ನೋಡಿ. ಬಂದರೆ ಅದು ಎಲೆಯದ್ದು, ಬರದಿದ್ದರೆ ಮಣ್ಣಿನದ್ದು.

ಮಣ್ಣಿನ ಮೇಲೆ. ಇಲ್ಲಿ ಅವಸರ ಮಾಡಲೇಬಾರದು. ಹುತ್ತದ ಅಣಬೆ, ಅಂದರೆ ಟರ್ಮಿಟೊಮೈಸಿಸ್, ಮಣ್ಣಿನಿಂದ ಎದ್ದಂತೆ ಕಾಣುತ್ತದೆ. ನಿಜದಲ್ಲಿ ಉದ್ದ ಬೇರಿನಂಥ ದಂಟು ನೆಲದೊಳಗೆ ಇಳಿದು ಗೆದ್ದಲುಗಳು ಸಾಕಿದ ಅಣಬೆ ತೋಟವನ್ನು ಮುಟ್ಟಿರುತ್ತದೆ. ಮೇಲೆ ಹುತ್ತ ಕಾಣಲೇಬೇಕೆಂದಿಲ್ಲ. ಸುಮ್ಮನೆ ಎಳೆದರೆ ಆ ದಂಟು ತುಂಡಾಗಿ ಮುಖ್ಯ ಗುರುತೇ ಮಣ್ಣಿನಲ್ಲಿ ಉಳಿಯುತ್ತದೆ.

ಸಗಣಿಯ ಮೇಲೆ ಬೂದು ಬಣ್ಣದ ನಾಜೂಕು ಕೊಡೆಗಳು ಬೆಳಗ್ಗೆ ಎದ್ದು ಮಧ್ಯಾಹ್ನಕ್ಕೆ ಶಾಯಿಯಾಗಿ ಕರಗುತ್ತವೆ. ಹುಳುಗಳ ಮೇಲಿನದ್ದು ಕೊನೆಯದು, ಕಷ್ಟದ್ದು: ಎಲೆಯ ಅಡಿಯ ನರವನ್ನು ಕಚ್ಚಿ ಹಿಡಿದೇ ಸತ್ತ ಇರುವೆ, ಅದರ ಕತ್ತಿನಿಂದ ಹೊರಟ ದಾರದಂಥ ಕಡ್ಡಿ. ಒಫಿಯೊಕಾರ್ಡಿಸೆಪ್ಸ್. ಸೊಂಟದೆತ್ತರಕ್ಕಿಂತ ಕೆಳಗಿನ ಎಲೆಗಳನ್ನು ಒಂದೊಂದಾಗಿ ಮಗುಚುವ ತಾಳ್ಮೆ ಇದ್ದವರಿಗೆ ಮಾತ್ರ ಸಿಗುತ್ತದೆ.

ಅಣಬೆಯಲ್ಲದವು ಮೋಸ ಮಾಡುತ್ತವೆ. ಕೊಂಬೆಗೆ ಅಂಟಿದ ಬೂದು-ಹಸಿರು ಹಕ್ಕಳೆ ಕಲ್ಲುಹೂವಿನ ಜಾತಿ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧು. ಕೊಳೆತ ಮರದ ಮೇಲೆ ಚೆಲ್ಲಿದ ಹಿಟ್ಟಿನಂತೆ ಹರಡಿದ ಹಳದಿ ಲೋಳೆ ಮರುದಿನ ಬೇರೆ ಕಡೆಗೆ ಸರಿದಿದ್ದರೆ ಅದು ಲೋಳೆಬೂಸು. ಅಣಬೆಗೂ ಅದಕ್ಕೂ ಸಂಬಂಧವಿಲ್ಲ.

ಹಂತ 6: ಅಡಿ, ದಂಟು, ಬುಡ

ಕನ್ನಡಿಯನ್ನು ಕೊಡೆಯ ಅಡಿಗೆ ಹಿಡಿಯಿರಿ. ಪುಸ್ತಕದ ಹಾಳೆಗಳಂತೆ ಪದರಗಳಿವೆಯೇ? ಸೂಜಿಯಿಂದ ಚುಚ್ಚಿದಂಥ ರಂಧ್ರಗಳಿವೆಯೇ? ಮುಳ್ಳುಗಳೇ? ನುಣುಪೇ? ಪದರಗಳಾದರೆ ಅವು ದಂಟಿಗೆ ತಾಗಿವೆಯೇ, ದೂರ ನಿಂತಿವೆಯೇ, ದಂಟಿನ ಮೇಲೆ ಇಳಿದಿವೆಯೇ ನೋಡಿ.

ದಂಟಿನ ಮೇಲೆ ಬಳೆ ಇದೆಯೇ? ಆಮೇಲೆ ಬುಡ. ಕೋಲಿನಿಂದ ಸುತ್ತಲಿನ ಎಲೆ ಸರಿಸಿ. ಬುಡ ಒಂದು ಹರಿದ ಚೀಲದಲ್ಲಿ, ಬಟ್ಟಲಿನಲ್ಲಿ ಕುಳಿತಂತೆ ಇದ್ದರೆ ಅಲ್ಲಿಗೇ ನಿಲ್ಲಿ. ಬುಡದಲ್ಲಿ ಚೀಲ, ದಂಟಿಗೆ ಬಳೆ, ಬಿಳಿ ಪದರ: ಮೂರೂ ಸೇರಿದರೆ ಅದು ಅಮಾನಿಟಾ ಬಳಗದ್ದಾಗಿರುವ ಸಂಭವ ಬಹಳ. ಜಗತ್ತಿನಲ್ಲಿ ಅಣಬೆಯಿಂದ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ಬಳಗವೇ. ಚೀಲ ಮಣ್ಣಿನಲ್ಲಿ ಹುದುಗಿರುತ್ತದೆ. ದಂಟನ್ನು ಮಧ್ಯಕ್ಕೆ ಚಿವುಟಿ ತಂದವರಿಗೆ ಅದು ಕಾಣುವುದೇ ಇಲ್ಲ. ಎಳೆಯ ಅಮಾನಿಟಾ ಬಿಳಿ ಮೊಟ್ಟೆಯಂತಿದ್ದು, ಮುಂಗಾರಿನ ಮೊದಲಿಗೆ ಕರಾವಳಿಯ ಸಂತೆಗೆ ಬರುವ ಕಲ್ಲಣಬೆಯಂಥ ಉಂಡೆ ಅಣಬೆಗಳೊಂದಿಗೆ ಗೊಂದಲ ಹುಟ್ಟಿಸಬಲ್ಲದು. ಉದ್ದಕ್ಕೆ ಸೀಳಿದಾಗ ಒಳಗೆ ಪುಟ್ಟ ಕೊಡೆಯ ಗೆರೆ ಕಂಡರೆ ಅದು ಉಂಡೆ ಅಣಬೆಯಲ್ಲ.

ಮುಟ್ಟುವುದರಿಂದ ವಿಷ ಏರುವುದಿಲ್ಲ, ಹೆದರಬೇಕಿಲ್ಲ. ಕೈ ತೊಳೆಯದೆ ತಿಂಡಿ ತಿನ್ನಬೇಡಿ, ಅಷ್ಟೆ.

ಹಂತ 7: ಫೋಟೊ, ಈ ಕ್ರಮದಲ್ಲಿ

1. ಮೊದಲು ದೂರದಿಂದ, ಮರವೂ ನೆಲವೂ ಕಾಣುವಂತೆ.
2. ಪಕ್ಕದಿಂದ, ಮೊಬೈಲನ್ನು ನೆಲಕ್ಕೆ ತಾಗಿಸಿ.
3. ಕನ್ನಡಿಯಲ್ಲೋ ಸೆಲ್ಫಿ ಕ್ಯಾಮೆರಾದಲ್ಲೋ ಅಡಿಭಾಗ.
4. ಎಲೆ ಸರಿಸಿದ ಬುಡ.
5. ನಾಣ್ಯದೊಂದಿಗೆ ಒಂದು.
6. ಮೇಲಿನಿಂದ, ಬೇಕಿದ್ದರೆ.

ಫ್ಲ್ಯಾಶ್ ಬೇಡ, ಒದ್ದೆ ಕೊಡೆಯ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಧ್ವನಿ ಏರಿಸುವ ಗುಂಡಿಯಿಂದ ಕ್ಲಿಕ್ಕಿಸಿ. ಎಳೆಯದು, ಬಲಿತದ್ದು, ಕೊಳೆಯುತ್ತಿರುವುದು ಮೂರೂ ಅಕ್ಕಪಕ್ಕ ಸಿಕ್ಕರೆ ಮೂರನ್ನೂ ತೆಗೆಯಿರಿ. ಒಂದೇ ಅಣಬೆ ವಯಸ್ಸಿಗೆ ತಕ್ಕಂತೆ ವೇಷ ಬದಲಿಸುತ್ತದೆ, ಅದನ್ನು ಮೂರು ಬಗೆ ಎಂದು ಎಣಿಸಿದವರನ್ನು ನೋಡಿದ್ದೇನೆ. ನನ್ನನ್ನೂ ಸೇರಿಸಿ.

ಫೋಟೊದಲ್ಲಿ ಸಿಗದ್ದನ್ನು ಅಲ್ಲೇ ಬರೆದುಕೊಳ್ಳಿ: ವಾಸನೆ, ಮುಟ್ಟಿದಾಗ ಲೋಳೆಯೋ ಒಣಗೋ, ಉಜ್ಜಿದ ಜಾಗದ ಬಣ್ಣ ಬದಲಾಯಿತೇ, ಗಾಯವಾದ ಪದರದಿಂದ ಹಾಲು ಬಂತೇ, ಹತ್ತಿರದ ಮರ ಯಾವುದು. “ಮನೆಗೆ ಹೋಗಿ ಬರೆಯುತ್ತೇನೆ” ಎಂದವರ ಪುಸ್ತಕ ಖಾಲಿಯೇ ಉಳಿಯುತ್ತದೆ.

ಹಂತ 8: ಬೀಜಾಣುವಿನ ಅಚ್ಚು

ಕೊಡೆಯ ಅಡಿಯಿಂದ ಉದುರುವ ಬೀಜದಂಥ ಸಣ್ಣ ಪುಡಿಯೇ ಬೀಜಾಣು, ಅದರ ಬಣ್ಣವೂ ಒಂದು ಗುರುತು. ಅದನ್ನು ನೋಡಲು ಒಂದು ಕೊಡೆ ಕೀಳಬೇಕಾಗುತ್ತದೆ. ಹಾಗಾಗಿ ನಿಮ್ಮದೇ ಅಂಗಳ, ತೋಟದಲ್ಲಿ ಮಾತ್ರ ಮಾಡಿ.

ದಂಟನ್ನು ಕತ್ತರಿಸಿ ತೆಗೆಯಿರಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯನ್ನು ಪದರ ಕೆಳಗಾಗಿ ಇಡಿ. ಬಿಳಿ ಬೀಜಾಣು ಬಿಳಿ ಕಾಗದದಲ್ಲಿ ಕಾಣುವುದಿಲ್ಲ, ಅದಕ್ಕೇ ಎರಡು ಬಣ್ಣ. ಕೊಡೆಯ ಮೇಲೆ ಒಂದು ಹನಿ ನೀರು, ಅದರ ಮೇಲೆ ಲೋಟ ಬೋರಲು. ರಾತ್ರಿಯಿಡೀ ಬಿಡಿ. ಅಡುಗೆಮನೆಯಲ್ಲಿ ಇಡಬೇಡಿ, ನಮ್ಮ ಮನೆಯಲ್ಲಿ ಒಮ್ಮೆ ಅದು ಸಾರಿಗೆಂದು ತಂದದ್ದೆಂದೇ ಭಾವಿಸಿ ತೊಳೆದಿಟ್ಟಿದ್ದರು.

ದನದ ಕೊಟ್ಟಿಗೆಯ ಹಿಂದಿನ ಹುಲ್ಲಿನಲ್ಲಿ ಎದ್ದಿದ್ದ ತಟ್ಟೆಯಗಲದ ಒಂದು ಕೊಡೆಯನ್ನು ಹೀಗೆ ಇಟ್ಟಿದ್ದೆ. ಬಿಳಿ ಮೈ, ಮೇಲೆ ಕಂದು ಚಕ್ಕೆಗಳು, ದಂಟಿಗೆ ಬಳೆ. ನೋಡಿದರೆ ಬಾಯಲ್ಲಿ ನೀರೂರುವಂಥದ್ದು. ಪದರಗಳೂ ಅಚ್ಚ ಬಿಳಿ. ಬೆಳಗ್ಗೆ ಲೋಟ ಎತ್ತಿದರೆ ಕಾಗದದ ಮೇಲೆ ಚಕ್ರದ ಕಡ್ಡಿಗಳಂತೆ ಗೆರೆಗಳು, ಬಣ್ಣ ಮಾಸಲು ಹಸಿರು. ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ತಿಂದ ಒಂದೆರಡು ಗಂಟೆಯಲ್ಲಿ ಕರುಳು ಹಿಂಡುವಂತೆ ವಾಂತಿ ಭೇದಿ ತರಿಸುವ ಅಣಬೆ. ಎಳೆಯದಾಗಿದ್ದಾಗ ಅದರ ಹಸಿರು ಎಲ್ಲೂ ಕಾಣುವುದಿಲ್ಲ, ಅಚ್ಚಿನಲ್ಲಿ ಮಾತ್ರ ಗುಟ್ಟು ಬಯಲಾಗುತ್ತದೆ.

ಅಮಾನಿಟಾದ ಅಚ್ಚು ಬಿಳಿ, ಹುತ್ತದ ಅಣಬೆಯದ್ದು ನಸುಗುಲಾಬಿ, ಶಾಯಿ ಅಣಬೆಯದ್ದು ಕಪ್ಪು. ಅಚ್ಚೊಂದೇ ತೀರ್ಪಲ್ಲ, ಆದರೆ ತಪ್ಪು ಹೆಸರುಗಳನ್ನು ರಾಶಿ ರಾಶಿಯಾಗಿ ಆಚೆ ಹಾಕುತ್ತದೆ.

ಹಂತ 9: ಈಗ ಹೆಸರು

ಮೊಬೈಲ್ ಆ್ಯಪ್‌ಗಳು ಬಳಗವನ್ನು ಊಹಿಸುವುದಕ್ಕೆ ಸರಿ. ಜಾತಿಯ ಹೆಸರು ಕೊಟ್ಟರೆ ನಂಬಬೇಡಿ, ಅವು ಕಲಿತ ಚಿತ್ರಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದವು. ಫೋಟೊ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಮೇಲಿನ ಆರೂ ಫೋಟೊ, ಜಾಗ, ಮರ, ಅಚ್ಚಿನ ಬಣ್ಣ ಸೇರಿಸಿ ಹಾಕಿದರೆ ತಿಳಿದವರು ಉತ್ತರಿಸುತ್ತಾರೆ. “ಮರಾಸ್ಮಿಯಸ್ ಬಳಗದ್ದು” ಎಂಬಲ್ಲಿಗೇ ನಿಂತರೂ ಅದು ಸೋಲಲ್ಲ. ಎಷ್ಟೋ ಬಗೆಗಳನ್ನು ಸೂಕ್ಷ್ಮದರ್ಶಕವಿಲ್ಲದೆ ಮುಂದಕ್ಕೆ ಒಯ್ಯಲಾಗುವುದಿಲ್ಲ.

ಊರಿನವರು ಕೊಡುವ ಹೆಸರನ್ನೂ ಬರೆದುಕೊಳ್ಳಿ. ತುಳುವಿನಲ್ಲಿ ಅಣಬೆ ಲಾಂಬು, ಕೊಡವರಲ್ಲಿ ಕುಮ್ಮು. ಆದರೆ ಒಂದೇ ಹೆಸರು ಘಟ್ಟದ ಮೇಲೊಂದು, ಕೆಳಗೊಂದು ಅಣಬೆಗೆ ಇರಬಹುದು. ಹೆಸರು ಒಂದೇ ಎಂದು ಅಣಬೆ ಒಂದೇ ಎಂದುಕೊಳ್ಳುವುದು ಅಪಾಯ.

ಯಾರಾದರೂ ತಿಂದುಬಿಟ್ಟಿದ್ದರೆ

ಬೆಳ್ಳಿ ಚಮಚ ಕಪ್ಪಾಗದಿದ್ದರೆ ಸುರಕ್ಷಿತ, ಹುಳು ತಿಂದಿದ್ದರೆ ಸುರಕ್ಷಿತ, ಅರಿಸಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ: ಮೂರೂ ಸುಳ್ಳು. ಅಮಾನಿಟಾದ ಮಾರಕ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ತಿಂದು ಆರು ಗಂಟೆಗೂ ಹೆಚ್ಚು ಸಮಯವಾದ ಮೇಲೆ ವಾಂತಿ ಭೇದಿ ಶುರುವಾದರೆ ಅದೇ ಹೆಚ್ಚು ಭಯಪಡಬೇಕಾದ ಲಕ್ಷಣ. ಒಂದು ದಿನ ಒದ್ದಾಡಿದ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಮನೆಯವರು ಗಂಜಿ ಕುಡಿಸಿ ಮಲಗಿಸುತ್ತಾರೆ. ಅದೇ ಹೊತ್ತಿಗೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಮನೆಮದ್ದಿಗೆ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಉಳಿದ ಸಾರು, ಸಿಪ್ಪೆ, ಕಿತ್ತ ಜಾಗದಲ್ಲಿ ಉಳಿದ ಇನ್ನೊಂದು ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಕರಗಿ ಗುರುತು ಸಿಗದಾಗುತ್ತದೆ. ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು ಎರಡನ್ನೂ ವೈದ್ಯರಿಗೆ ಹೇಳಿ. ಜೊತೆಯಲ್ಲಿ ಉಂಡ ಎಲ್ಲರನ್ನೂ ಕರೆದೊಯ್ಯಿರಿ, ಚೆನ್ನಾಗಿದ್ದೇವೆ ಎನ್ನುವವರನ್ನೂ.

ಹಂತ 10: ಅದೇ ದಿಮ್ಮಿಗೆ ಮತ್ತೆ

ಹೊಸ ಕಾಡಿಗೆ ಹೋಗುವ ಬದಲು ನಾಲ್ಕು ದಿನ ಬಿಟ್ಟು ಅದೇ ದಿಮ್ಮಿಗೆ ಹೋಗಿ, ಅದೇ ಕೋನದಿಂದ ಫೋಟೊ ತೆಗೆಯಿರಿ. ಒಂದು ಮಳೆಗಾಲ ಹೀಗೆ ಒಂದೇ ದಿಮ್ಮಿಯನ್ನು ಹಿಂಬಾಲಿಸಿದರೆ ಯಾವುದು ಮೊದಲು ಬಂತು, ಯಾವುದು ಯಾವುದರ ಎಳೆಯ ರೂಪ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಮ್ಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ಆನೆ ಓಡಾಡದ ಜಾಗವಾದರೆ ಮಾತ್ರ, ರಾತ್ರಿ ಹೋಗಿ. ಟಾರ್ಚ್ ಆರಿಸಿ, ಮೊಬೈಲ್ ಜೇಬಿಗೆ ಹಾಕಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬಹಳ ಜನ ಐದು ನಿಮಿಷಕ್ಕೆ ಬೇಸತ್ತು ಟಾರ್ಚ್ ಹಾಕಿಬಿಡುತ್ತಾರೆ. ಹೊಳೆಯುವ ಅಣಬೆಗಳಿರುವ ದಿಮ್ಮಿಯಾದರೆ ಮೊದಲು ಮಸುಕು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ, ಕೊಳೆತ ಕಟ್ಟಿಗೆಯ ಗೆರೆಗಳು ತಣ್ಣನೆಯ ಹಸಿರಿನಲ್ಲಿ ಮೂಡುತ್ತವೆ. ನೇರ ದಿಟ್ಟಿಸಿದರೆ ಆರಿದಂತೆ ಕಾಣುತ್ತದೆ, ತುಸು ಪಕ್ಕಕ್ಕೆ ನೋಡಿ.